ಸಹಾಯ ಬೇಕು: ಸೀಲ್ ಮರಿಗಳ ಎಲುಬು ಮತ್ತು ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಿಂದೆ ನೆಲೆಸಿದ್ದ, ಸಮುದ್ರ ಸಸ್ತನಿಗಳಾದ ಉತ್ತರದ ತುಪ್ಪಳ ಸೀಲ್‌ಗಳ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂದು ಇವುಗಳ ಬಹುಪಾಲು ಬೇರಿಂಗ್ ಸಮುದ್ರದ ಪ್ರಿಬಿಲಾಫ್ ದ್ವೀಪಗಳಂಥ ದೂರದ ನಡುಗಡ್ಡೆಗಳಲ್ಲಿ ಮರಿಹಾಕುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಉಂಡು ಎಸೆದ ಚಿಪ್ಪು, ಬೂದಿ, ಎಲುಬುಗಳ ದಿಬ್ಬಗಳಲ್ಲಿ ಇನ್ನೂ ಹಾಲು ಬಿಡದ ಮರಿಗಳ ಮೂಳೆಗಳು ಸಿಕ್ಕಿರುವುದರಿಂದ, ಮುಖ್ಯ ಭೂಭಾಗದ ದಡದಲ್ಲೇ ಅವು ಹೆರುತ್ತಿದ್ದವೆಂದು ವಿದ್ವಾಂಸರು ತರ್ಕಿಸುತ್ತಾರೆ. ದೂರ ಈಜಲಾರದ ಮರಿ ಬೇರೆಲ್ಲಿಂದಲೋ ಬಂದಿರಲು ಸಾಧ್ಯವಿಲ್ಲ ಎಂಬ ಈ ಸರಳ ತರ್ಕವೇ ನನ್ನನ್ನು ಹೆಚ್ಚು ಸೆಳೆದದ್ದು. ವಾಷಿಂಗ್ಟನ್ ರಾಜ್ಯದ ಓಜೆಟ್‌ನಲ್ಲಿ, ಕೆಸರು ಕುಸಿದು ಹೂತುಹೋಗಿದ್ದ ಮಕಾ ಎಂಬ ಮೂಲನಿವಾಸಿ ಜನರ ಮರದ ಮನೆಗಳಲ್ಲೂ ಈ ಸೀಲ್‌ಗಳ ಮೂಳೆಗಳು ಹೇರಳವಾಗಿ ದೊರೆತಿವೆ.

ಮರಿಯ ತೋಳಿನ ಮೂಳೆಯ ತುದಿ ಅದರ ನಡುಭಾಗಕ್ಕೆ ಇನ್ನೂ ಬೆಸೆದುಕೊಂಡಿರುವುದಿಲ್ಲ, ಹಾಲು ಕುಡಿಯುವ ಮರಿಯ ಮೂಳೆಯಲ್ಲಿ ಭಾರದ (ಅಂದರೆ ಸಾಮಾನ್ಯ ಪರಮಾಣುವಿಗಿಂತ ತುಸು ಹೆಚ್ಚು ತೂಕದ) ನೈಟ್ರೋಜನ್‌ನ ಪ್ರಮಾಣ ತಾಯಿಗಿಂತ ತುಸು ಹೆಚ್ಚಿರುತ್ತದೆ ಎಂಬ, ಮೂಳೆ ಮರಿಯದ್ದೇ ಎಂದು ಗುರುತಿಸಲು ನೆರವಾಗುವ ಎರಡು ಅಂಶಗಳನ್ನು ಹದಿಮೂರರ ಮಕ್ಕಳಿಗೆ ಹೇಗೆ ವಿವರಿಸಬಹುದು? ಪ್ರಾಣಿಶಾಸ್ತ್ರ ಅಥವಾ ಪುರಾತತ್ತ್ವ ಬಲ್ಲವರು ದಯವಿಟ್ಟು ತಿಳಿಸಿ. 'ಸೀಲ್' ಎಂದೊಡನೆ ಮಕ್ಕಳಿಗೆ ಸಿಂಧೂ ಕಣಿವೆಯ ಮುದ್ರೆ ನೆನಪಾಗುತ್ತದೆ. 'ನೀರುನಾಯಿ' ಎಂದು ಬರೆಯೋಣವೆಂದರೆ ಅದು ಬೇರೆಯೇ ಪ್ರಾಣಿ. ಸೀಲ್‌ಗಳು ಗುಂಪಾಗಿ ಮರಿಹಾಕುವ ದಡಕ್ಕೆ 'ಹೆರುದಾಣ' ಎಂದು ಬರೆದರೆ ಒಪ್ಪುತ್ತದೆಯೇ, ಇದಕ್ಕಿಂತ ಉತ್ತಮ ಪದವಿದೆಯೇ?