ಥರ್ಮಲ್ (ಮೇಲೇಳುವ ಬಿಸಿ ಗಾಳಿ) ಕಡಿಮೆ ಇರುವ ದಿನಕ್ಕೆ ಯಾವ ಸೆಕೆಂಡ್ ಹ್ಯಾಂಡ್ ಪ್ಯಾರಾಗ್ಲೈಡರ್?

ದಾವಣಗೆರೆ ಹಕ್ಕಿ: ಪುಣೆ ಹತ್ತಿರದ ಕಾಮ್‌ಶೇಟ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕೋರ್ಸ್ ಮುಗಿಸಿದ್ದೇನೆ. ಹೊಸ ವಿಂಗ್ (ಹಾರುವ ಬಟ್ಟೆಯ ರೆಕ್ಕೆ) ಕೊಳ್ಳುವಷ್ಟು ದುಡ್ಡಿಲ್ಲ. ನನ್ನ ತೂಕ 72 ಕೆಜಿ. ಥರ್ಮಲ್ ಸಪ್ಪೆ ಇದ್ದಾಗಲೂ ಸ್ವಲ್ಪ ಹೊತ್ತು ಮೇಲೆ ಇರಬೇಕು ಅಂತ ಆಸೆ. ಹಳೆಯ ಇಎನ್-ಸಿ (ಸುರಕ್ಷತಾ ದರ್ಜೆ; ಎ ತುಂಬಾ ಸುಲಭ, ಡಿ ತುಂಬಾ ಕಷ್ಟ) ವಿಂಗ್ ಒಂದು ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ?

ಕೋಟೆ ಗಾಳಿ: ಬೇಡ ಅಣ್ಣ. ಸಿ ವಿಂಗ್ ಗಾಳಿಯಲ್ಲಿ ಮಡಚಿಕೊಂಡರೆ ಸರಿ ಮಾಡಲು ಕೈ ಪಳಗಿರಬೇಕು. ಎ ಅಥವಾ ಸುಲಭದ ಬಿ ಸಾಕು. ನಿಮ್ಮ ಜೊತೆ ಹಾರ್ನೆಸ್ (ಕೂರುವ ಪಟ್ಟಿ), ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್, ವಿಂಗ್ ಎಲ್ಲ ಸೇರಿಸಿ ತೂಕ ನೋಡಿ, ಸುಮಾರು 90 ಕೆಜಿ ಬಂದರೆ 80ರಿಂದ 100 ಕೆಜಿ ತೂಕಕ್ಕೆ ಮಾಡಿದ ವಿಂಗ್ ಹುಡುಕಿ, ಆ ಮಿತಿಯ ಮಧ್ಯದಲ್ಲಿದ್ದರೆ ಮೇಲಿನ ಅಂಚಿನಲ್ಲಿ ಇದ್ದದ್ದಕ್ಕಿಂತ ನಿಧಾನಕ್ಕೆ ಇಳಿಯುತ್ತೀರಿ. ಹಾಗಂತ ತುಂಬಾ ದೊಡ್ಡದು ಬೇಡ, ಮಡಚಿಕೊಳ್ಳುವುದು ಜಾಸ್ತಿ.

ಹಿರಿಯೂರು: ಬಣ್ಣ ನೋಡಿ ಮರುಳಾಗಬೇಡಿ. ಬಿಸಿಲಿಗೆ ಬಟ್ಟೆ ಸವೆದು ಗಾಳಿ ಸೋರತೊಡಗಿದರೆ ವಿಂಗ್ ಮೇಲೇಳುವುದೇ ನಿಧಾನ, ಸ್ಟಾಲ್ ಆಗುವ (ಎತ್ತುವ ಬಲ ಕಳೆದುಕೊಳ್ಳುವ) ಅಪಾಯವೂ ಇದೆ. ಪೊರೋಸಿಟಿ (ಬಟ್ಟೆಯಿಂದ ಗಾಳಿ ಸೋರುವ ಪ್ರಮಾಣ), ಲೈನ್ (ವಿಂಗ್‌ನ ದಾರ) ಉದ್ದ ಎರಡನ್ನೂ ಅಳೆಸಿದ ರಿಪೋರ್ಟ್ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಕೋಟೆ ಗಾಳಿ: ಇನ್ನೊಂದು, ನಮ್ಮ ಚಿತ್ರದುರ್ಗದ ಗುಡ್ಡ ನೋಡಿ ಅಲ್ಲಿ ಹಾರಲು ಆಸೆಪಡಬೇಡಿ. ಗಾಳಿಯಂತ್ರಗಳ ಹಿಂದೆ ಗಾಳಿ ಕದಡಿರುತ್ತದೆ. ಕೊಳ್ಳುವ ಮೊದಲು ನಿಮ್ಮ ಇನ್‌ಸ್ಟ್ರಕ್ಟರ್ ಎದುರಿಗೇ ವಿಂಗನ್ನು ನೆಲದ ಮೇಲೆ ನಿಂತು ಎಬ್ಬಿಸಿ ನೋಡಿ.