ಪಣಂಬೂರೋ ಕೊಚ್ಚಿಯೋ? ದಡದಲ್ಲೇ ನಿಂತು ಕ್ರೂಸ್ ಹಡಗನ್ನು ಹತ್ತಿರದಿಂದ ನೋಡುವುದು ಎಲ್ಲಿ?

ಬಯಲುಸೀಮೆಯವ:
ಡಿಸೆಂಬರ್ ಕೊನೆಯ ವಾರ ದಾವಣಗೆರೆಯಿಂದ ಮಂಗಳೂರು, ಅಲ್ಲಿಂದ ಕೊಚ್ಚಿ ಎಂದು ಯೋಚನೆ ಹಾಕಿದ್ದೇವೆ. ಜೊತೆಗೆ ಅಮ್ಮ ಮತ್ತು ಎಂಟು ವರ್ಷದ ಮಗ. ಅಮ್ಮನಿಗೆ ಹೆಚ್ಚು ನಡೆಯಲು ಆಗುವುದಿಲ್ಲ. ಕ್ರೂಸ್ ಪ್ರಯಾಣ ಮಾಡುವುದಿಲ್ಲ. ದೊಡ್ಡ ಹಡಗು ಬಂದರಿಗೆ ಬರುವುದನ್ನು ಅಥವಾ ಹೊರಡುವುದನ್ನು ದಡದಿಂದ ನೋಡಿದರೆ ಸಾಕು. ನನ್ನ ಪ್ರಶ್ನೆಗಳು: ಬಂದರಿನ ಒಳಗೆ ಬಿಡುತ್ತಾರಾ? ಮೊಬೈಲ್ ಆ್ಯಪ್ ತೋರಿಸುವ ಸಮಯವನ್ನು ನಂಬಬಹುದಾ? ಕ್ಯಾಮೆರಾಗೆ 18–55 ಮತ್ತು 70–300 ಲೆನ್ಸ್ ಇವೆ, ಯಾವುದು ಬೇಕಾಗುತ್ತದೆ? ಹಡಗಿನ ಹೊರತಾಗಿ ಬಂದರಿನ ಸುತ್ತಮುತ್ತ ನೋಡುವಂಥದ್ದು ಏನಿದೆ?

ಅಳಿವೆಬಾಗಿಲು:
ಒಳಗೆ ಬಿಡುವುದಿಲ್ಲ. ದೊಡ್ಡ ಬಂದರುಗಳ ಗೇಟಿನಲ್ಲಿ ಸಿಐಎಸ್‌ಎಫ್ ಕಾವಲಿರುತ್ತದೆ. ಹಡಗಿನ ಪ್ರಯಾಣಿಕರು, ಸಿಬ್ಬಂದಿ, ಕೆಲಸದ ಪಾಸ್ ಇದ್ದವರಿಗೆ ಮಾತ್ರ ಪ್ರವೇಶ. ಹಾಗಾಗಿ ಹಡಗಿನ ದಾರಿ ಸಾರ್ವಜನಿಕ ದಡಕ್ಕೆ ಎಲ್ಲಿ ಹತ್ತಿರ ಹಾಯುತ್ತದೆ ಎನ್ನುವುದೊಂದೇ ಲೆಕ್ಕ. ಆ ಲೆಕ್ಕದಲ್ಲಿ ಕೊಚ್ಚಿಗೂ ಪಣಂಬೂರಿಗೂ ಹೋಲಿಕೆಯೇ ಇಲ್ಲ.

ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರು ನೆಲವನ್ನು ಅಗೆದು ಮಾಡಿದ ಕೃತಕ ಲಗೂನ್. ಸಮುದ್ರದಿಂದ ಸುಮಾರು 7.5 ಕಿ.ಮೀ. ಉದ್ದದ ಕಾಲುವೆ, ಬಾಯಲ್ಲಿ ತಲಾ 770 ಮೀಟರಿನ ಎರಡು ಬ್ರೇಕ್‌ವಾಟರ್ (ತೆರೆ ತಡೆಯುವ ಕಲ್ಲುಗೋಡೆ), ಅದರೊಳಗೆ ಹಡಗು ಕಟ್ಟುವ ಬರ್ತ್‌ಗಳು. ಪಣಂಬೂರು ಬೀಚ್ ಉತ್ತರದ ಬ್ರೇಕ್‌ವಾಟರಿನ ಪಕ್ಕದಲ್ಲೇ ಇದೆ. ಅಷ್ಟು ಹತ್ತಿರ ಎಂದು ಖುಷಿಪಟ್ಟು ಹೋದವರಿಗೆ ನಿರಾಸೆಯಾಗುವುದು ಎರಡು ಕಾರಣಕ್ಕೆ. ಹಡಗು ಕಾಲುವೆಯಲ್ಲಿ ದಡದ ಕಡೆಗೆ ಮುಖ ಮಾಡಿಕೊಂಡೇ ಬರುವುದರಿಂದ ಅದರ ಮೂತಿ ಮಾತ್ರ ಕಾಣುತ್ತದೆ, ಪೂರ್ತಿ ಉದ್ದ ಕಾಣುವುದಿಲ್ಲ. ಬ್ರೇಕ್‌ವಾಟರ್ ದಾಟಿ ಒಳಗೆ ಹೊಕ್ಕಮೇಲೆ ಕೆಳಗಿನ ಅರ್ಧ ಕಲ್ಲುಗೋಡೆಯ ಹಿಂದೆ ಮರೆಯಾಗಿ, ಮೇಲಿನ ಡೆಕ್‌ಗಳು ಮತ್ತು ಹೊಗೆಕೊಳವೆ ಅಷ್ಟೇ ಉಳಿಯುತ್ತವೆ.

ಇದಕ್ಕೆ ಪರಿಹಾರ ದಕ್ಷಿಣಕ್ಕೆ ಸರಿಯುವುದು. ತಣ್ಣೀರುಬಾವಿ ಬೀಚಿನಲ್ಲಿ ನಿಂತರೆ ಹಡಗು ದೂರವಾದರೂ ಅದರ ಪಕ್ಕ ಪೂರ್ತಿ ಕಾಣುತ್ತದೆ. ಉತ್ತರದಲ್ಲಿ ಸುರತ್ಕಲ್ ದೀಪಸ್ತಂಭದ ಬಂಡೆಯ ಮೇಲಿಂದಲೂ ಹಾಗೆಯೇ, ಆದರೆ ಅಲ್ಲಿ ಬೈನಾಕ್ಯುಲರ್ ಬೇಕೇ ಬೇಕು.

ಕೊಚ್ಚಿಯಲ್ಲಿ ಹಡಗು ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವಿನ ಅಳಿವೆಯ ಮೂಲಕವೇ ಒಳಗೆ ಹೋಗಬೇಕು. ಬೇರೆ ದಾರಿಯಿಲ್ಲ. ಅಲ್ಲಿ ಅಗಲ ಅರ್ಧ ಕಿ.ಮೀ.ಗೂ ಕಡಿಮೆ. ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಬಾಯಲ್ಲಿದ್ದ ಮರಳದಿಬ್ಬ ಕಡಿಸಿ, 1928ರಲ್ಲಿ 'ಪದ್ಮ' ಎಂಬ ಹಡಗು ಒಳಬಂದರಿಗೆ ಬಂದ ದಿನದಿಂದ ಎಲ್ಲ ದೊಡ್ಡ ಹಡಗುಗಳಿಗೂ ಇದೇ ಬಾಗಿಲು. ಚೀನೀ ಬಲೆಗಳ ಹತ್ತಿರ, ವಾಸ್ಕೋ ಡ ಗಾಮ ಚೌಕದಿಂದ ಶುರುವಾಗುವ ನಡಿಗೆದಾರಿಯಲ್ಲಿ ನಿಂತರೆ ಹಡಗು ಎಡದಿಂದ ಬಲಕ್ಕೆ, ಪೂರ್ತಿ ಪಕ್ಕ ತೋರಿಸಿಕೊಂಡು, ಬಾಲ್ಕನಿಯಲ್ಲಿ ಕೈಬೀಸುವವರ ಮುಖ ಗುರುತು ಸಿಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ. ಅಮ್ಮನವರಿಗೂ ಇದೇ ಅನುಕೂಲ. ವಾಹನ ಹತ್ತಿರದವರೆಗೆ ಹೋಗುತ್ತದೆ, ಕೂರಲು ಕಟ್ಟೆಗಳಿವೆ.

ವೈಪಿನ್ ಕಡೆಯಿಂದ ನೋಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೋಡಬಹುದು, ಆದರೆ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ವೈಪಿನ್‌ನಿಂದ ದಕ್ಷಿಣಕ್ಕೆ ನೋಡುವವರಿಗೆ ಹಡಗಿನ ನೆರಳುಬದಿ ಸಿಗುತ್ತದೆ. ಫೋರ್ಟ್ ಕೊಚ್ಚಿಯಿಂದ ಉತ್ತರಕ್ಕೆ ನೋಡುವವರ ಬೆನ್ನಿಗೆ ಬಿಸಿಲಿರುತ್ತದೆ.

ಲಂಗರು:
ಸಮಯದ ವಿಚಾರ ನಾನು ಹೇಳುತ್ತೇನೆ. ಹೆಚ್ಚಿನವರು ಎಡವುವುದು ಇಲ್ಲೇ.

ಮರೀನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಆ್ಯಪ್‌ಗಳಲ್ಲಿ ಕಾಣುವ ಹಡಗಿನ ಜಾಗ ಮತ್ತು ವೇಗ ಯಂತ್ರ ತಾನಾಗಿಯೇ ಕಳಿಸುವ ಮಾಹಿತಿ, ಅದನ್ನು ನಂಬಿ. ಸಾಗುತ್ತಿರುವ ಹಡಗಿನ ಎಐಎಸ್ (ಹಡಗಿನ ಗುರುತು, ಜಾಗವನ್ನು ರೇಡಿಯೋದಲ್ಲಿ ಸಾರುವ ಯಂತ್ರ) ಕೆಲವೇ ಸೆಕೆಂಡಿಗೊಮ್ಮೆ ಇದನ್ನು ಕಳಿಸುತ್ತದೆ, ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಆದರೆ 'ಮುಂದಿನ ಬಂದರು' ಮತ್ತು 'ತಲುಪುವ ಸಮಯ' ಹಡಗಿನ ಅಧಿಕಾರಿ ಕೈಯಾರೆ ತುಂಬುವ ಕಲಮುಗಳು. ತುಂಬಲು ತಡವಾದರೆ ಹಿಂದಿನ ಬಂದರಿನ ಹೆಸರೇ ಉಳಿದಿರುತ್ತದೆ. ಅದೂ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯ. ನಮ್ಮ ಗಡಿಯಾರಕ್ಕೆ 5 ಗಂಟೆ 30 ನಿಮಿಷ ಸೇರಿಸಬೇಕು. 00.30 ಎಂದಿದ್ದರೆ ನಮ್ಮ ಬೆಳಗಿನ 6 ಗಂಟೆ. ಕೆಲವು ಆ್ಯಪ್‌ಗಳು ತಾವೇ ಬದಲಿಸಿ ತೋರಿಸುತ್ತವೆ, ಕೆಲವು ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು: ಆ ಸಮಯ ಸಾಮಾನ್ಯವಾಗಿ ಪೈಲಟ್ (ಹಡಗಿಗೆ ಬಂದರಿನ ದಾರಿ ತೋರಿಸುವವರು) ಹತ್ತುವ ಜಾಗಕ್ಕೆ ತಲುಪುವ ಹೊತ್ತು, ಬರ್ತ್‌ಗೆ ಕಟ್ಟುವ ಹೊತ್ತಲ್ಲ. ಪೈಲಟ್ ಹತ್ತಿ, ಕಾಲುವೆ ದಾಟಿ, ಒಳಗೆ ತಿರುಗಿ ಹಗ್ಗ ಕಟ್ಟುವಷ್ಟರಲ್ಲಿ ಮತ್ತೆ ಒಂದು–ಒಂದೂವರೆ ಗಂಟೆ. 7.5 ಕಿ.ಮೀ. ಕಾಲುವೆಯನ್ನು 8 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 15 ಕಿ.ಮೀ.ನಲ್ಲಿ ದಾಟಲು ಅರ್ಧ ಗಂಟೆ ಹಿಡಿಯುತ್ತದೆ. ಪಣಂಬೂರಿನಲ್ಲಿ ನಿಮಗೆ ಸಿಗುವ ನಿಜವಾದ ನೋಟ ಈ ಅರ್ಧ ಗಂಟೆ ಮಾತ್ರ.

ಎಲ್ಲಕ್ಕಿಂತ ಭದ್ರವಾದ ವಿಧಾನ ಹಿಂದಿನ ಬಂದರಿನಿಂದ ಹೊರಟ ಸಮಯ ಹಿಡಿದು ಲೆಕ್ಕ ಹಾಕುವುದು. ಮುರ್ಮುಗೋವಾದಿಂದ ನವ ಮಂಗಳೂರಿಗೆ ಸಮುದ್ರದಲ್ಲಿ ಸುಮಾರು 160 ನಾಟಿಕಲ್ ಮೈಲಿ, ನವ ಮಂಗಳೂರಿನಿಂದ ಕೊಚ್ಚಿಗೆ ಸುಮಾರು 195. 16 ನಾಟ್‌ನಲ್ಲಿ ಮೊದಲನೆಯದಕ್ಕೆ 10 ಗಂಟೆ, ಎರಡನೆಯದಕ್ಕೆ 12 ಗಂಟೆ. ಸಂಜೆ 6ಕ್ಕೆ ಪಣಂಬೂರು ಬಿಟ್ಟ ಹಡಗು ಮರುದಿನ ಬೆಳಿಗ್ಗೆ 6ರ ಆಸುಪಾಸಿಗೆ ಕೊಚ್ಚಿಯ ಹೊರಗಿರುತ್ತದೆ. ರಾತ್ರಿ ಆ್ಯಪ್‌ನಲ್ಲಿ ಹಡಗು ಮಾಯವಾದರೆ ಗಾಬರಿ ಬೇಡ. ದಡದ ರಿಸೀವರ್‌ಗೆ ಸಿಗುವುದು 20–40 ನಾಟಿಕಲ್ ಮೈಲಿಯ ಒಳಗಿನ ಸಂಕೇತ ಮಾತ್ರ, ಅದರಾಚೆಗಿನ ಉಪಗ್ರಹ ಮಾಹಿತಿಗೆ ಹಣ ಕೊಡಬೇಕು.

ಯಾವ ದಿನ ಯಾವ ಹಡಗು ಎಂಬುದಕ್ಕೆ ಮೊದಲು ಕ್ರೂಸ್‌ಮ್ಯಾಪರ್ ವೆಬ್‌ಸೈಟಿನಲ್ಲಿ ಬಂದರಿನ ಹೆಸರು ಹುಡುಕಿ ತಿಂಗಳ ಪಟ್ಟಿ ನೋಡಿ. ನಂತರ ಎರಡು ದಿನ ಮುಂಚೆ ಬಂದರು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ದಿನವೂ ಹಾಕುವ ಹಡಗುಗಳ ಪಟ್ಟಿಯೊಂದಿಗೆ ತಾಳೆ ಹಾಕಿ. ತಿಂಗಳ ಪಟ್ಟಿಯೊಂದನ್ನೇ ನಂಬಿ ರೈಲು ಟಿಕೆಟ್ ಮಾಡಿಸಬೇಡಿ. ಯುರೋಪಿನಿಂದ ಚಳಿಗಾಲಕ್ಕೆ ಇತ್ತ ಬರುವ ಹಡಗುಗಳಿಗೆ ಕೆಂಪು ಸಮುದ್ರವೇ ದಾರಿ. 2023ರ ಕೊನೆಯಿಂದ ಅಲ್ಲಿ ದಾಳಿ ಶುರುವಾದಮೇಲೆ ಎಷ್ಟೋ ಹಡಗುಗಳು ಮಾರ್ಗ ಬದಲಿಸಿದವು, ಇಲ್ಲಿನ ಭೇಟಿಗಳು ರದ್ದಾದವು. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ, ಲಕ್ಷದ್ವೀಪ ಸುತ್ತುವ ದೇಶೀ ಕ್ರೂಸ್‌ಗೆ ಆ ತೊಡಕಿಲ್ಲ.

ಬಯಲುಸೀಮೆಯವ:
ಇಬ್ಬರಿಗೂ ಧನ್ಯವಾದ ಸರ್. ಹಾಗಾದರೆ ಕೊಚ್ಚಿಗೇ ಹೆಚ್ಚು ದಿನ ಇಡುತ್ತೇನೆ. ಹಡಗು ಸಮುದ್ರದಲ್ಲಿ ಎಷ್ಟು ದೂರದಿಂದ ಕಾಣಲು ಶುರುವಾಗುತ್ತದೆ? ಮಗನಿಗೆ ತೋರಿಸಿ ವಿವರಿಸುವಂಥದ್ದು ಏನಾದರೂ ಇದೆಯಾ?

ಲಂಗರು:
ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ. ಮರಳಿನ ಮೇಲೆ ನಿಂತವರ ಕಣ್ಣು 2 ಮೀಟರ್ ಎತ್ತರದಲ್ಲಿದ್ದರೆ 5 ಕಿ.ಮೀ. ಹಡಗಿನ ತುದಿ 50 ಮೀಟರ್ ಎತ್ತರವಿದ್ದರೆ ಅದರ ಪಾಲಿನದು 25 ಕಿ.ಮೀ. ಎರಡೂ ಸೇರಿ 30 ಕಿ.ಮೀ. ದೂರದಲ್ಲಿ ಮೊದಲು ಹೊಗೆಕೊಳವೆ, ಆಮೇಲೆ ಡೆಕ್, ಕೊನೆಗೆ ಹಡಗಿನ ಒಡಲು ಮೇಲೇಳುತ್ತದೆ. ಭೂಮಿ ಗುಂಡಗಿರುವುದನ್ನು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಆದರೆ ಇದು ಶುಭ್ರ ಗಾಳಿಯ ಲೆಕ್ಕ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಬ್ಬು ಹೆಚ್ಚು, 10–12 ಕಿ.ಮೀ.ಗೆ ಕಂಡರೂ ಪುಣ್ಯ.

ಬೈನಾಕ್ಯುಲರ್ 8×42 ಅಥವಾ 7×50 ಇರಲಿ. 10 ಪಟ್ಟಿನದು ಕೈನಡುಕವನ್ನೂ ದೊಡ್ಡದು ಮಾಡುತ್ತದೆ, ಮಕ್ಕಳ ಕೈಯಲ್ಲಂತೂ ನಿಲ್ಲುವುದಿಲ್ಲ.

ನೋಡಬೇಕಾದದ್ದು ಬಾವುಟಗಳನ್ನು. ಬಿಳಿ–ಕೆಂಪು ಎರಡು ನೇರ ಪಟ್ಟಿಯದು ಹಾರುತ್ತಿದ್ದರೆ ಬಂದರಿನ ಪೈಲಟ್ ಹಡಗಿನಲ್ಲಿದ್ದಾನೆ ಎಂದರ್ಥ. ಪೂರ್ತಿ ಹಳದಿ ಬಾವುಟ 'ಹಡಗಿನಲ್ಲಿ ರೋಗವಿಲ್ಲ, ಪ್ರವೇಶಕ್ಕೆ ಅನುಮತಿ ಕೊಡಿ' ಎನ್ನುವುದು. ಮುಂಗಂಬದಲ್ಲಿ ನಮ್ಮ ತ್ರಿವರ್ಣ ಕಂಡರೆ ಅದು ಅತಿಥಿ ತೋರುವ ಗೌರವ. ಹಡಗು ನೋಂದಣಿಯಾದ ದೇಶದ ಬಾವುಟ ಹಿಂಭಾಗದಲ್ಲಿರುತ್ತದೆ, ಹೆಚ್ಚಾಗಿ ಬಹಾಮಾಸ್, ಮಾಲ್ಟಾ ಅಥವಾ ಪನಾಮದ್ದು. ಹಾರ್ನ್‌ನಲ್ಲಿ ಒಂದು ಚಿಕ್ಕ ಸದ್ದು ಬಲಕ್ಕೆ ತಿರುಗುತ್ತಿದ್ದೇನೆ ಎಂದು, ಎರಡು ಎಡಕ್ಕೆ, ಮೂರು ಎಂಜಿನ್ ಹಿಂದಕ್ಕೆ ಓಡುತ್ತಿದೆ ಎಂದು. ಹೊರಡುವಾಗ ಕೊಡುವ ಮೂರು ಉದ್ದನೆಯ ಹಾರ್ನ್ ಮಾತ್ರ ವಿದಾಯದ್ದು.

ಪಣಂಬೂರಿನಲ್ಲಿ ದೂರದಲ್ಲಿ ಅಲುಗಾಡದೆ ನಿಂತಿರುವ ಹಡಗುಗಳನ್ನು ಕಂಡು ಅದೇ ಕ್ರೂಸ್ ಎಂದು ಬಗೆಯಬೇಡಿ. ಅವು ಸರದಿಗೆ ಕಾಯುವ ಟ್ಯಾಂಕರ್, ಸರಕು ಹಡಗುಗಳು. ಮುಂಭಾಗದಲ್ಲಿ ಕಪ್ಪು ಚೆಂಡೊಂದು ತೂಗುತ್ತಿದ್ದರೆ ಲಂಗರು ಹಾಕಿದೆ ಎಂದು ತಿಳಿಯಿರಿ. ಕ್ರೂಸ್ ಹಡಗಿಗೆ ಬರ್ತ್ ಆದ್ಯತೆ ಇದೆ. ನೀರೊಳಗೆ ಅದು ಮುಳುಗಿರುವುದು 7–9 ಮೀಟರ್ ಅಷ್ಟೇ ಆದ್ದರಿಂದ ಭಾರದ ಹಡಗುಗಳಂತೆ ಉಬ್ಬರಕ್ಕೆ ಕಾಯುವ ಪ್ರಮೇಯವೂ ಬರುವುದಿಲ್ಲ.

ಬಿಳಿಒಡಲು:
ಲೆನ್ಸ್ ಬಗ್ಗೆ. ನಿಮ್ಮದು ಎಪಿಎಸ್‌–ಸಿ (ಸ್ವಲ್ಪ ಚಿಕ್ಕ ಸೆನ್ಸರಿನ) ಕ್ಯಾಮೆರಾ ಎಂದುಕೊಂಡು ಹೇಳುತ್ತೇನೆ. 290 ಮೀಟರ್ ಉದ್ದದ ಹಡಗು 250 ಮೀಟರ್ ದೂರದಲ್ಲಿ ಹಾದುಹೋದರೆ ಪೂರ್ತಿ ಚೌಕಟ್ಟಿಗೆ ಬರಲು 20 ಮಿ.ಮೀ. ಬೇಕು. ಅಂದರೆ ಫೋರ್ಟ್ ಕೊಚ್ಚಿಯಲ್ಲಿ 18–55 ಸಾಕು, 70–300 ಹಾಕಿಕೊಂಡು ನಿಂತರೆ ಕಿಟಕಿಗಳು ಮಾತ್ರ ಸಿಗುತ್ತವೆ. ಅದೇ ಹಡಗು 2 ಕಿ.ಮೀ. ದೂರದಲ್ಲಿ ಅಡ್ಡಲಾಗಿದ್ದರೆ 160 ಮಿ.ಮೀ., 4 ಕಿ.ಮೀ.ಗೆ 300 ಪೂರ್ತಿ ಬೇಕು. ಅದು ತಣ್ಣೀರುಬಾವಿಯ ಲೆನ್ಸ್.

ಎಕ್ಸ್‌ಪೋಶರ್ ಎರಡೂ ಕಡೆ ಉಲ್ಟಾ. ತಣ್ಣೀರುಬಾವಿಯಲ್ಲಿ ಕಪ್ಪು ನೀರಿನ ನಡುವೆ ಹಡಗು ಚಿಕ್ಕ ಬಿಳಿ ತುಣುಕು. ಕ್ಯಾಮೆರಾ ನೀರನ್ನು ನೋಡಿ ಬೆಳಕು ಹೆಚ್ಚಿಸಿ ಹಡಗನ್ನು ಸುಣ್ಣದ ಗೋಡೆಯಾಗಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7 ಇಡಿ. ಕೊಚ್ಚಿಯಲ್ಲಿ ಬಿಳಿ ಒಡಲು ಚೌಕಟ್ಟು ತುಂಬುತ್ತದೆ, ಆಗ ಫೋಟೋ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪ್ಲಸ್ 0.7. ಶಟರ್ 1/500, ಎಫ್ 8, ಬೆಳಗಿನ ಬಿಸಿಲಿಗೆ ಐಎಸ್‌ಒ 200.

ನಮ್ಮ ಕರಾವಳಿಯಲ್ಲಿ ಬೆಳಗಿನ ಹಡಗೇ ಫೋಟೋಗೆ ಒಳ್ಳೆಯದು. ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಡಿಸೆಂಬರ್ ಕೊನೆಗೆ ಮಂಗಳೂರಲ್ಲಿ ಸೂರ್ಯೋದಯ 6.50ರ ಹೊತ್ತಿಗೆ, ಅದಕ್ಕೆ ಮೊದಲೇ ಒಳಬಂದ ಹಡಗು ದೀಪದ ಸಾಲಾಗಿಯೇ ಉಳಿಯುತ್ತದೆ. ಸಂಜೆ ಹೊರಡುವ ಹಡಗು ಪಣಂಬೂರಿನಲ್ಲಿ ಕಪ್ಪು ಆಕಾರ. 10 ಗಂಟೆ ಕಳೆದಮೇಲೆ ಕಾದ ಮರಳಿನ ಮೇಲಿನ ಗಾಳಿ ಅಲುಗಾಡುವುದರಿಂದ 300ರಲ್ಲಿ ತೆಗೆದದ್ದೆಲ್ಲ ಮಸುಕು. ಅದು ಫೋಕಸ್ಸಿನ ದೋಷವಲ್ಲ, ಲೆನ್ಸ್ ರಿಪೇರಿಗೆ ಕೊಡಬೇಡಿ.

ಗಾಜಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ತುಸು ಒದ್ದೆ ಬಟ್ಟೆ. ಡ್ರೋನ್ ಮನೆಯಲ್ಲೇ ಬಿಡಿ. ಬಂದರು, ನೌಕಾಪಡೆ ಇರುವ ಕಡೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ದಕ್ಕೆಬದಿ:
ಮಂಗಳೂರನ್ನು ಅಷ್ಟಕ್ಕೇ ಬಿಡಬೇಡಿ ಮಾರಾಯ್ರೆ. ಬಂದರು ನೋಡಬೇಕೆಂದರೆ ಪಣಂಬೂರಿಗಿಂತ ಹಳೆ ಬಂದರ್ ಚಂದ. ಗುರುಪುರ ಹೊಳೆ ನೇತ್ರಾವತಿಯನ್ನು ಕೂಡುವ ಅಳಿವೆಯ ಒಳಗಡೆ ಉಂಟು. ಬೆಳಿಗ್ಗೆ ಬೇಗ ದಕ್ಕೆಗೆ ಹೋದರೆ ಟ್ರಾಲ್ ಬೋಟಿನವರು, ಪರ್ಸೀನ್ (ಸುತ್ತುಬಲೆ) ಬೋಟಿನವರು ಮೀನು ಇಳಿಸುವುದು, ಏಲಂ ಕೂಗುವುದು ನೋಡಬಹುದು. ನೆಲವೆಲ್ಲ ಐಸ್ ನೀರು, ಜಾರುತ್ತದೆ. ರಬ್ಬರ್ ಚಪ್ಪಲಿ ಹಾಕಿ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಬೇಡ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೋ ಕೇಳಿ ತೆಗೆಯಿರಿ. ಪಕ್ಕದಲ್ಲೇ ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ, ದಿನಸಿ ಹೊತ್ತೊಯ್ಯುವ ಮಂಜಿಗಳು (ಸರಕಿನ ದೋಣಿಗಳು) ಕಟ್ಟಿರುತ್ತವೆ. ಮಳೆಗಾಲದಲ್ಲಿ ಅವು ಓಡುವುದಿಲ್ಲ, ಡಿಸೆಂಬರಿನಲ್ಲಿ ಸಿಗುತ್ತವೆ.

ಆಮೇಲೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲುಬುರುಜು. ಅಲ್ಲಿಂದ ಹೊಳೆ ದಾಟಲು ಫೆರಿ ದೋಣಿ ಉಂಟು, ಆಚೆ ದಡವೇ ತಣ್ಣೀರುಬಾವಿ. ಅಮ್ಮನಿಗೆ ದೋಣಿ ಹತ್ತಿಳಿಯುವುದು ಕಷ್ಟವಾದರೆ ಕೂಳೂರು ಸೇತುವೆ ಸುತ್ತಿ ಕಾರಿನಲ್ಲಿ ಬನ್ನಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇನ್ನೂ ಚಂದ ಕಾಣುತ್ತದೆಂದು ಬ್ರೇಕ್‌ವಾಟರಿನ ಕಲ್ಲು ಹತ್ತಬೇಡಿ. ಪಾಚಿ ಹಿಡಿದ ಕಲ್ಲು, ನಡುವೆ ಆಳವಾದ ಸಂದುಗಳು. ಕಾಲು ಸಿಕ್ಕಿಹಾಕಿಕೊಂಡರೆ ಮುಂದಿನ ತೆರೆ ಬರುವುದರೊಳಗೆ ಬಿಡಿಸಲಿಕ್ಕೆ ಆಗುವುದಿಲ್ಲ. ಹುಡುಗ ನೀರಿಗೆ ಇಳಿಯುವುದಾದರೆ ಪಣಂಬೂರಿನಲ್ಲಿ ಜೀವರಕ್ಷಕರು ಇರುವ ಕಡೆ ಮಾತ್ರ.

ಅಳಿವೆಬಾಗಿಲು:
ದಿನಾಂಕ ನೋಡಿ ಒಂದು ಎಚ್ಚರಿಕೆ. 31ರಂದು ಫೋರ್ಟ್ ಕೊಚ್ಚಿಗೆ ಹೋಗಬೇಡಿ. ಆ ರಾತ್ರಿ ಪಪ್ಪಾಂಜಿ, ಅಂದರೆ ಹಳೆ ವರ್ಷದ ಮುದುಕನ ದೊಡ್ಡ ಬೊಂಬೆ ಸುಡುವ ಹಬ್ಬ. ಮಧ್ಯಾಹ್ನದಿಂದಲೇ ರಸ್ತೆ ಬಂದ್ ಮಾಡುತ್ತಾರೆ, ವೈಪಿನ್‌ಗೆ ವಾಹನ ಸಾಗಿಸುವ ರೋ–ರೋ ದೋಣಿಗೆ ಉದ್ದದ ಸಾಲು. 28–29ರೊಳಗೆ ಮುಗಿಸಿಕೊಳ್ಳಿ.

ಎರ್ನಾಕುಳಂನಲ್ಲಿ ಉಳಿದುಕೊಂಡರೆ ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಇದೆ. ಹತ್ತಲು ಮೆಟ್ಟಿಲಿಲ್ಲ, ಅಮ್ಮನವರಿಗೆ ಹೇಳಿಮಾಡಿಸಿದ್ದು. ಆದರೆ ಬೆಳಗಿನ 6ರ ಹಡಗಿಗೆ ಅದನ್ನು ನೆಚ್ಚಬೇಡಿ, ಆಟೋ ಮಾಡಿಕೊಳ್ಳಿ ಅಥವಾ ಫೋರ್ಟ್ ಕೊಚ್ಚಿಯಲ್ಲೇ ತಂಗಿ. ಹಡಗು ವಿಲಿಂಗ್ಡನ್ ದ್ವೀಪದಲ್ಲಿ ಕಟ್ಟಿದಮೇಲೆ ಮರೀನ್ ಡ್ರೈವ್ ಕಡೆಯಿಂದ ದೂರದ ನೋಟ ಮಾತ್ರ. ಆ ಹೊತ್ತನ್ನು ಮಟ್ಟಾಂಚೇರಿಗೆ ಇಡಿ. ಅಲ್ಲಿನ ಯಹೂದಿ ಮಂದಿರಕ್ಕೆ ಶನಿವಾರ ಬಾಗಿಲು ಹಾಕಿರುತ್ತದೆ. ದಕ್ಷಿಣ ನೌಕಾ ಕಮಾಂಡಿನ ಜಾಗಗಳ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಬಯಲುಸೀಮೆಯವ:
ಊರಿಗೆ ವಾಪಸ್ ಕಾರವಾರದ ಮೇಲೆ ಬರಬಹುದು. ಅಲ್ಲಿ ಹಡಗು ಸಿಗುತ್ತದಾ?

ಲಂಗರು:
ಕಾರವಾರಕ್ಕೆ ಕ್ರೂಸ್ ಹಡಗು ನಿಯಮಿತವಾಗಿ ಬರುವುದಿಲ್ಲ. ಬೈತಖೋಲಿನ ಬಂದರು ಗುಡ್ಡದ ಮರೆಯ ಸಹಜ ಬಂದರು, ನೋಡಲು ಸೊಗಸು, ಆದರೆ ಸರಕು ಹಡಗು, ಮೀನುದೋಣಿಗಳದ್ದೇ ಓಡಾಟ. ಮಗನಿಗೆ ಟಾಗೋರ್ ಕಡಲತೀರದಲ್ಲಿ ಇಟ್ಟಿರುವ ಚಪಲ್ ಯುದ್ಧನೌಕೆಯ ಮ್ಯೂಸಿಯಂ ತೋರಿಸಿ. ಕ್ಷಿಪಣಿ ದೋಣಿಯನ್ನು ಒಳಗೆ ಹೊಕ್ಕು ನೋಡಬಹುದು. ಅರ್ಗಾ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವಂತಿಲ್ಲ.