ಸಹಾಯ ಬೇಕು: ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಥಿಂಕ್‌ಪ್ಯಾಡ್ ಟಿ430 ಇದೆ, 2012ರ ಮಾಡೆಲ್. ಕೀಬೋರ್ಡ್ ಇವತ್ತಿಗೂ ತುಂಬಾ ಚೆನ್ನಾಗಿದೆ, ಮಾರೋಕೆ ಮನಸ್ಸಿಲ್ಲ. ಆದರೆ 500 ಜಿಬಿ ಹಾರ್ಡ್ ಡಿಸ್ಕ್ ಈಚೆಗೆ ಕಟಕಟ ಅನ್ನುತ್ತಿದೆ. ಡಿಸ್ಕ್ ಸ್ಥಿತಿ ನೋಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ಅಪ್ಪನ ತಾಳಮದ್ದಳೆ ರೆಕಾರ್ಡಿಂಗ್‌ಗಳು ಅದರಲ್ಲೇ ಇದ್ದವು. ಅವನ್ನು ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟಿದ್ದೇನೆ.

ಈಗ ಹಾರ್ಡ್ ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್; ಸಾಟಾ ಅಂದರೆ ಅದನ್ನು ಜೋಡಿಸುವ ಕನೆಕ್ಷನ್) ಹಾಕುವ ಯೋಚನೆ. ಕೆಳಗಿನ ಒಂದು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಈಚೆಗೆ ಬರುತ್ತದೆ, ಅದು ಸುಲಭ. ಎಂಸಾಟಾ ಸ್ಲಾಟ್ (ಚಿಕ್ಕ ಕಾರ್ಡ್ ರೂಪದ ಎಸ್‌ಎಸ್‌ಡಿ ಹಾಕುವ ಜಾಗ) ಕೂಡ ಇದೆ, ಆದರೆ ಅದರ ವೇಗ ಸೆಕೆಂಡಿಗೆ 3 ಗಿಗಾಬಿಟ್ ಅಷ್ಟೇ. ಹಾರ್ಡ್ ಡಿಸ್ಕ್ ಇರುವ ಮುಖ್ಯ ಜಾಗದಲ್ಲಿ 6 ಸಿಗುತ್ತದೆ. ಹಾಗಾಗಿ ಎಂಸಾಟಾ ಬೇಡ ಅನಿಸಿತು.

ಡಿವಿಡಿ ಡ್ರೈವ್ ತೆಗೆದು, ಆ ಜಾಗಕ್ಕೆ ಹೊಂದುವ ಕ್ಯಾಡಿಯಲ್ಲಿ (ಡಿಸ್ಕ್ ಕೂರಿಸುವ ಚೌಕಟ್ಟು) 1 ಟಿಬಿ ಹಾರ್ಡ್ ಡಿಸ್ಕ್ ಕೂರಿಸಬೇಕು. 12.7 ಮಿ.ಮೀ. ದಪ್ಪದ ಕ್ಯಾಡಿ ಬೇಕು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಲುಗಾಡದೆ ಗಟ್ಟಿಯಾಗಿ ಕೂರುವಂಥದ್ದು ಸಿಗುತ್ತಾ? ಬಳಸಿದವರು ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು ವಿಷಯ. ಅಂಗಡಿಯವರು ಹಳೆ ಡಿಸ್ಕನ್ನೇ ಕ್ಲೋನ್ ಮಾಡೋಣ (ಅದರಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ನಕಲು ಮಾಡೋಣ) ಅಂದರು. ಕೆಡುತ್ತಿರುವ ಡಿಸ್ಕ್ ಕ್ಲೋನ್ ಮಾಡುವಾಗ ಮಧ್ಯದಲ್ಲೇ ನಿಂತುಹೋಗಬಹುದು ಅಲ್ವಾ? ನನಗೇನೋ ಹೊಸದಾಗಿ ಲಿನಕ್ಸ್ ಮಿಂಟ್ (ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕೋದೇ ಸರಿ ಅನಿಸುತ್ತೆ. ನೀವೇನಂತೀರಿ?